ಹೂಜಿಯ ಮುಂದಿನ ಬೋರ್ಡು

ಭಾನುವಾರ, ಹನ್ನೆರಡನೇ ತಾರೀಕು.

ಈ ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಸೊಸೆ ನಡೆಸುವ ಮ್ಯೂಸಿಯಂಗೆ ಇವತ್ತು ಹೋಗಿದ್ದೆ. ಮೊದಲು ಗಾಜಿನೊಳಗಿದ್ದ ಹಳೆಯ ಹೂಜಿಯನ್ನು ಈಗ ಹೊರಗಿಟ್ಟಿದ್ದಾಳೆ. ಒಬ್ಬ ಹೆಂಗಸು ಅದನ್ನು ಎರಡೂ ಕೈಯಿಂದ ಸವರುತ್ತಿದ್ದಳು.

"ಏನಮ್ಮಾ, ಬೋರ್ಡು ಕಾಣಲ್ವಾ? ನಾಲ್ಕನೇ ಕ್ಲಾಸು ಓದಿದ ನಂಗೇ ಗೊತ್ತು, ಮುಟ್ಟಬಾರದು ಅಂತ!" ಎಂದು ಗದರಿದೆ.

ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಳು. "ನಂಗೆ ಕಣ್ಣು ಕಾಣಲ್ಲ ಅಜ್ಜಿ. ಏನು ಬರೆದಿದೆ, ಓದಿ ಹೇಳ್ತೀರಾ?"

ಆಗ ಓದಿದೆ. 'ಎಲ್ಲರೂ ಮುಟ್ಟಿ ನೋಡಿ' ಎಂದಿತ್ತು.

ಸಣ್ಣ ದನಿಯಲ್ಲಿ ಹೇಳಿದೆ. "ಇರಲಿ ಬಿಡಿ" ಎಂದಳು. ಸೊಸೆ ಬಂದು ಎಷ್ಟು ಕರೆದರೂ ಅವಳು ಮತ್ತೆ ಕೈ ಚಾಚಲಿಲ್ಲ.

ಸೊಸೆ ನನಗೆ ಬೈದಿದ್ದರೆ ತಿರುಗಿ ಬೈದು ಮಲಗಬಹುದಿತ್ತು.