ಎಂಟು ಹರಳುಕಲ್ಲು

೩ ಜೂನ್ ೨೦೧೨, ಭಾನುವಾರ

ಇವತ್ತೂ ಸೋತೆ. ಸೋಲುವುದಕ್ಕೇ ಹೋಗುವುದು. ನಾಲ್ಕು ತಿಂಗಳು ಕೋಚ್ ಇಟ್ಟುಕೊಂಡು ಗಾಲ್ಫ್ ಕಲಿತದ್ದು, ಕೊನೆಯಲ್ಲಿ ಚೆಂಡು ಗುಳಿಯಿಂದ ಅರ್ಧ ಅಡಿ ಆಚೆ ಹೋಗುವಂತೆ ತಳ್ಳುವುದಕ್ಕೆ. ರಾಮಲಿಂಗಯ್ಯನವರಿಗೆ ಮೂರು ಸೀರೆ ಕಾರ್ಖಾನೆ. ತಿಂಗಳಿಗೆ ಮುನ್ನೂರು ಕೆ.ಜಿ. ರೇಷ್ಮೆ ನೂಲಿನ ಆರ್ಡರ್ ಕೊಟ್ಟರೆ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ನನ್ನ ಫಿಲೇಚರ್ ಉಳಿಯುತ್ತದೆ. ಇಲ್ಲದಿದ್ದರೆ ರಂಜಾನ್‌ಗೆ ಮೊದಲೇ ಬೀಗ, ಇಪ್ಪತ್ತೆರಡು ಹೆಂಗಸರು ಮನೆಗೆ. ಆಫೀಸಿನಲ್ಲಿ ಆ ಮನುಷ್ಯ ಸಿಗುವುದಿಲ್ಲ. ಬಿಡದಿ ಕಡೆಯ ಈ ಹುಲ್ಲಿನ ಮೇಲೆ ನಾಲ್ಕು ಗಂಟೆ ಸಿಗುತ್ತಾರೆ.

ಏಳನೇ ಹೋಲ್‌ನಲ್ಲಿ ಅವರ ಚೆಂಡು ನೀರಿಗೆ ಬಿತ್ತು. ಕೋಲನ್ನು ಮರಕ್ಕೆ ಬಡಿದು ಎರಡು ತುಂಡು ಮಾಡಿದರು. ಆಮೇಲೆ ನನ್ನ ಹೆಗಲಿಗೆ ಕೈ ಹಾಕಿ ನಗು. "ಮನ್ಸ ಹೆಂಗವ್ನೆ ಅಂತ ಆಟದಲ್ಲಿ ಗೊತ್ತಾಗ್ತದೆ ಮಕ್ಬೂಲ್." ಹೌದು ಸಾರ್ ಅಂದೆ. ಬೆಳಿಗ್ಗೆಯಿಂದ ಇನ್ನೇನೂ ಅಂದಿಲ್ಲ.

ಹಮೀದಾಗೆ ಕನ್ನಡ ಓದಲು ಬರುವುದಿಲ್ಲ. ಹೆಂಡತಿಗೂ ತಿಳಿಯಬಾರದ್ದನ್ನು ಇಲ್ಲಿ ಬರೆಯಬಹುದು.

೧೭ ಜೂನ್

ರಾಮಲಿಂಗಯ್ಯನವರ ಬ್ಯಾಗ್ ಹೊರುವವನು ಕೂಟಗಲ್‌ನ ಲಕ್ಕಯ್ಯ. ಐವತ್ತು ದಾಟಿದೆ. ಮೊದಲು ಕುರಿ ಮೇಯಿಸುತ್ತಿದ್ದ, ಈಗ ಕ್ಯಾಡಿ. ಅವರು ಒಂದು ಹೊಡೆತ ಹೊಡೆದರೆ ಬಲ ಜೇಬಿನಿಂದ ಒಂದು ಹರಳುಕಲ್ಲು ತೆಗೆದು ಎಡ ಜೇಬಿಗೆ ಹಾಕುತ್ತಾನೆ. ಯಾಕೆ ಅಂತ ಕೇಳಿದೆ. "ಕುರಿ ರೊಪ್ಪಕ್ಕೆ ಸೇರ್ವಾಗ ಹಿಂಗೇ ಸಾಬ್ರೇ. ಎಣ್ಸದೆ ಇದ್ರೆ ಕೈ ಸುಮ್ಕಿರಲ್ಲ."

ಆರ್ಡರ್ ಬಗ್ಗೆ ಮಾತೆತ್ತಿದೆ. "ಮುಂದಿನ್ ವಾರ ನೋಡಣ" ಅಂದರು. ಹೋಗುವಾಗ ಕಾರಿನ ಬಾಗಿಲು ತಡವಾಗಿ ತೆಗೆದ ಅಂತ ಡ್ರೈವರ್‌ನ ಕೆನ್ನೆಗೆ ಬಾರಿಸಿದರು. ನಾನು ಶೂ ಲೇಸ್ ಕಟ್ಟಿಕೊಳ್ಳುವ ಹಾಗೆ ಬಗ್ಗಿದೆ.

೨೪ ಜೂನ್, ಸಂಜೆ ೫

ಈಗಷ್ಟೇ ಮನೆಗೆ ಬಂದೆ.

ಇವತ್ತು ಅವರ ಜೊತೆ ಕೊಯಮತ್ತೂರಿನ ಇಬ್ಬರು ವ್ಯಾಪಾರಿಗಳು. ಊಟದ ಪಂದ್ಯ ಕಟ್ಟಿದ್ದರು, ಕಡಿಮೆ ಹೊಡೆತದವನು ಗೆದ್ದ ಹಾಗೆ. ಕೊನೆಯ ಹೋಲ್. ಮರಳುಗುಂಡಿಯೊಳಗೇ ರಾಮಲಿಂಗಯ್ಯನವರಿಗೆ ಮೂರು ಹೊಡೆತ ಹೋಯಿತು, ಎಲ್ಲರೂ ನೋಡಿದ್ದೇವೆ. "ಐದು" ಅಂದರು. ಸ್ಕೋರ್ ಕಾರ್ಡ್ ನನ್ನ ಕೈಯಲ್ಲಿತ್ತು. ಐದು ಅಂತ ಬರೆದೆ.

"ಎಂಟು, ಬುದ್ಧಿ" ಅಂದ ಲಕ್ಕಯ್ಯ. ಅಂಗೈ ಬಿಚ್ಚಿದ. "ತಪ್ಪೋಗೈತೆ. ಒಸಿ ನೋಡ್ಬುಡಿ." ಎಂಟು ಕಲ್ಲು. ಅವಮಾನ ಮಾಡಬೇಕು ಅಂತಲ್ಲ, ಒಂದು ಕುರಿ ಹೆಚ್ಚುಕಮ್ಮಿಯಾದರೆ ಹೇಳುತ್ತಾನಲ್ಲ, ಹಾಗೆ ಹೇಳಿದ. ಕೊಯಮತ್ತೂರಿನವನೊಬ್ಬ ನಕ್ಕುಬಿಟ್ಟ.

ಮೊದಲ ಏಟು ಆ ಅಂಗೈಗೆ. ಕಲ್ಲೆಲ್ಲ ಚೆಲ್ಲಿದವು. ಎರಡನೆಯದು ಮುಖಕ್ಕೆ — ಕಬ್ಬಿಣದ ಕೋಲು. ಹಸಿ ತೆಂಗಿನಕಾಯಿ ಒಡೆದ ಸದ್ದು. ಬಿದ್ದ ಮೇಲೆ ಬೆನ್ನಿಗೆ ಇನ್ನೊಂದು. ಆ ಹುಲ್ಲಿನ ಮೇಲೆ ರಕ್ತ ಇಂಗುವುದಿಲ್ಲ, ಹಾಗೇ ನಿಲ್ಲುತ್ತದೆ.

ನಾನು ಕಾರ್ಡ್ ಹಿಡಿದು ನಿಂತಿದ್ದೆ. ಕಾಲು ಬರಲಿಲ್ಲ ಅಂತ ಬರೆದರೆ ಸುಳ್ಳು. ಆರ್ಡರ್ ನೆನಪಾಯಿತು.

೨೫ ಜೂನ್

ಇನ್ಸ್‌ಪೆಕ್ಟರ್ ಕೇಳಿದರು. ಚೆಂಡು ಬಡಿಯಿತು ಅಂದೆ. ಸಹಿ ಹಾಕಿದೆ. ಸಂಜೆ ಆರ್ಡರ್ ಬಂತು, ಒಂದು ವರ್ಷಕ್ಕೆ. ಫಿಲೇಚರ್‌ನಲ್ಲಿ ಹೆಂಗಸರು ಜಿಲೇಬಿ ಹಂಚಿದರು. ನನಗೂ ಒಂದು ಕೊಟ್ಟರು. ತಿಂದೆ.

೧೫ ಜುಲೈ

ಕೂಟಗಲ್‌ಗೆ, ಲಕ್ಕಯ್ಯನ ಮನೆಗೆ ಹೋಗಿದ್ದೆ. ಎಡಗಣ್ಣು ಹೋಗಿದೆ. ಅಂಗೈ ಮಡಚಲು ಬರುವುದಿಲ್ಲ. ಅವನ ಹೆಂಡತಿ ದಾಸಮ್ಮ ನನಗೆ ಕೂತುಕೊಳ್ಳಿ ಅನ್ನಲಿಲ್ಲ. ಹಣ್ಣಿನ ಚೀಲವನ್ನು ನೆಲದ ಮೇಲೆ ಇಟ್ಟೆ.

"ನೀವೂ ಅಲ್ಲೇ ಇದ್ರಲ್ಲ ಸಾಬ್ರೇ" ಅಂದ ಲಕ್ಕಯ್ಯ. ಸಿಟ್ಟಿರಲಿಲ್ಲ. "ನಂಗೆ ಎರಡರ್ ಮ್ಯಾಲೆ ಗ್ಯಾನ ಇಲ್ಲ. ಎಷ್ಟು ಹೊಡೆದ್ರು?"

ಹೇಳದೆ ಹೊರಟು ಬಂದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಮೇಲೆ ನನಗೇ ಹೇಸಿಗೆ.

೬ ಆಗಸ್ಟ್, ಬೆಳಿಗ್ಗೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ಎರಡು ಬೆರಳು ಮುರಿದಿವೆ. ಇಪ್ಪತ್ತು ವರ್ಷ ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳು, ಬಿಸಿ ತಾಗುವುದಿಲ್ಲ. ಈ ನೋವು ತಾಗುತ್ತಿದೆ.

ನಿನ್ನೆ ರಾಮಲಿಂಗಯ್ಯನವರು ಆಟಕ್ಕೆ ಕರೆದಿದ್ದರು. ಅವರ ಬ್ಯಾಗ್ ಹೊರಲು ಒಬ್ಬ ಕ್ಯಾಡಿಯೂ ಬರಲಿಲ್ಲ. ಎರಡೂ ಬ್ಯಾಗ್ ನಾನೇ ಹೊತ್ತೆ, ರಂಜಾನ್ ರೋಜಾದ ಉಪವಾಸದ ಬಾಯಲ್ಲಿ. ಜೇಬಿಗೆ ಒಂದು ಹಿಡಿ ಹರಳುಕಲ್ಲು ಯಾಕೆ ಹಾಕಿಕೊಂಡು ಹೋಗಿದ್ದೆನೋ... ಇಲ್ಲ, ಯಾಕೆ ಅಂತ ಗೊತ್ತಿತ್ತು.

ಅದೇ ಕೊನೆಯ ಹೋಲ್. "ಐದು ಬರ್ಕೊ" ಅಂದರು.

"ಏಳು ಸಾರ್." ಕಲ್ಲು ತೋರಿಸಿದೆ.

ಕಲ್ಲುಗಳನ್ನು ನೋಡಿದರು. "ನಿಂಗೂ ಕಣ್ಣು ಹೆಚ್ಚಾಯ್ತೇನ್ಲಾ?" ಕೋಲು ತಲೆಗೇ ಬಂತು. ಕೈ ಅಡ್ಡ ಹಿಡಿದೆ, ಬೆರಳು ಮುರಿದದ್ದು ಆಗಲೇ. ಎಡಗೈಯಿಂದ ಕೋಲು ಕಿತ್ತುಕೊಂಡು ಮಂಡಿಗೆ ಹೊಡೆದೆ. ಮೂಳೆ ಮುರಿದದ್ದು ಕೋಲಿನ ಹಿಡಿಯವರೆಗೂ ತಿಳಿಯಿತು. ಬಿದ್ದ ಮೇಲೆ ಭುಜಕ್ಕೆ. ಖುಷಿಯಾಯಿತು, ಅದನ್ನೂ ಬರೆಯಬೇಕು. ಮೂರನೆಯದನ್ನು ಮುಖಕ್ಕೆಂದೇ ಎತ್ತಿದ್ದೆ. ಮಾಲಿಗಳು ಓಡಿಬಂದು ಹಿಡಿದುಕೊಂಡರು.

೬ ಆಗಸ್ಟ್, ೧೧ ಗಂಟೆ

ಫೋನ್. ಆಸ್ಪತ್ರೆಯಿಂದ ಅವರೇ. ದನಿ ತಣ್ಣಗಿತ್ತು. "ಮಂಡಿ ಚೂರಾಗೈತೆ. ಪೊಲೀಸ್ನೋರ್ಗೆ ಚೆಂಡು ಬಡೀತು ಅಂತ ಬರೆಸಿವ್ನಿ. ನೀನೂ ಅದೇ ಹೇಳು. ಇದು ಎದ್ರೆ ಲಕ್ಕಯ್ಯಂದೂ ಎದ್ದುಬತ್ತದೆ, ಇಬ್ರಿಗೂ ಕಷ್ಟ. ಆರ್ಡರ್ ಹಂಗೇ ಇರ್ತದೆ."

ನನಗೆ ಜೈಲಿಲ್ಲ. ಫಿಲೇಚರ್ ಉಳಿಯುತ್ತದೆ. ಹೋದ ಸಲ ಹೇಳಿದ ಮಾತನ್ನೇ ಇನ್ನೊಮ್ಮೆ ಹೇಳಿದರೆ ಆಯಿತು.

೧೧.೪೦

ಬಾಗಿಲಲ್ಲಿ ಜೀಪು. ಹಮೀದಾಗೆ ಈಗಷ್ಟೇ ಎಲ್ಲ ಹೇಳಿದೆ, ಜೂನ್‌ನದೂ. ಅವಳು ಅತ್ತಳು, ಬೈದಳು, ಆಮೇಲೆ ಒಗೆದ ಶರ್ಟ್ ತಂದುಕೊಟ್ಟಳು.

ಸ್ಟೇಷನ್‌ನಲ್ಲಿ ನಾಲಿಗೆ ತಡವರಿಸಬಾರದು. ಇಲ್ಲೇ ಬರೆದುಕೊಂಡು ಹೋಗುತ್ತೇನೆ. ನಿನ್ನೆ ಚೆಂಡಲ್ಲ. ನಾನು ಹೊಡೆದೆ. ಎರಡು ಏಟು. ಜೂನ್ ಇಪ್ಪತ್ತನಾಲ್ಕರಂದೂ ಚೆಂಡಲ್ಲ. ರಾಮಲಿಂಗಯ್ಯ ಹೊಡೆದದ್ದು, ಮೂರು. ನಾನು ನಿಂತು ನೋಡಿದೆ. ಮೊದಲನೆಯದು ಅಂಗೈಗೆ. ಎರಡನೆಯದು—