ಒಗೆಯದ ಸೀರೆ

ಅವ್ವಾ,

ನೀನು ಹೋದ ಮೇಲೆ ಹುಟ್ಟಿದ ನಿನ್ನ ಮೊಮ್ಮಗಳ ಮೈಮೇಲೆಲ್ಲ ಕೆಂಪು ಗುಳ್ಳೆ ಎದ್ದಿದೆ. ನನ್ನ ಅನುಮಾನವೆಲ್ಲ ಅತ್ತೆಯ ಮೇಲೆಯೇ ಇತ್ತು. ಸೋಪು ಬೇಡವೆಂದು ಕೂಸಿಗೆ ಹೆಸರುಹಿಟ್ಟು ಹಚ್ಚಿ ನೀರೆರೆಯುತ್ತಾರಲ್ಲ, ಅದರಲ್ಲಿ ಇನ್ನೇನು ಬೆರೆಸುತ್ತಾರೋ ಎಂದು ಬಚ್ಚಲ ಬಾಗಿಲಲ್ಲೇ ಕಾದು ನಿಲ್ಲುತ್ತಿದ್ದೆ. ಅವರಿಲ್ಲದಾಗ ಡಬ್ಬಿಯ ಮುಚ್ಚಳ ತೆಗೆದು ಮೂಸಿಯೂ ನೋಡಿದೆ.

ಜೋಲಿಗೆ ನಿನ್ನ ಹಳೇ ನೂಲಿನ ಸೀರೆ ಕಟ್ಟಿದ ದಿನವೇ ಅವರು, "ಪೆಟ್ಟೀಲಿ ಇದ್ದದ್ದು, ಒಗ್ದು ಕಟ್ಟಮ್ಮಾ" ಅಂದಿದ್ದರು. ಈ ಮನೆಯಲ್ಲಿ ನಿನ್ನ ವಾಸನೆಯೂ ಉಳಿಯಬಾರದೆಂಬುದೇ ಅವರ ಹಂಚಿಕೆ ಎಂದುಕೊಂಡು ನಾನು ಒಗೆಯಲಿಲ್ಲ.

ಇವತ್ತು ಚಿನ್ನಮನೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಮುಂದೆ ಹೆಸರುಹಿಟ್ಟಿನ ಮೇಲೆ ದೂರು ಹೇಳಿದೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಡಾಕ್ಟರಮ್ಮ, ಜೋಲಿಯಿಂದ ತೆಗೆದು ಕೂಸಿಗೆ ಸುತ್ತಿದ್ದ ನಿನ್ನ ಸೀರೆಯನ್ನು ಬಿಚ್ಚಿ ಮೂಗಿಗೆ ಹಿಡಿದರು.

"ಹುಳ ಬೀಳದಿರ್ಲಿ ಅಂತ ಪೆಟ್ಟೀಲಿ ಹಾಕೋ ಡಾಂಬರ್ ಗುಳಿಗೆ ವಾಸನೆ. ಎಳೇ ಚರ್ಮ, ಎಲ್ಲಾನೂ ಹೀರ್ಕೊಳ್ಳುತ್ತೆ. ಚೆನ್ನಾಗಿ ಒಗ್ದು ಬಿಸಿಲಿಗೆ ಹಾಕೋ ತನಕ ಇದನ್ನ ಕೂಸಿನ ಹತ್ರ ತರಬೇಡಿ."

ಇಷ್ಟು ದಿನ ನೀನೇ ಎಂದು ಮೂಸಿದ್ದು ಅದನ್ನೇ ಏನವ್ವಾ?

ಬಸ್ಸಿನಲ್ಲಿ ಅತ್ತೆ ಕೂಸನ್ನು ತಮ್ಮ ಸೆರಗಿನಲ್ಲಿ ಮಲಗಿಸಿಕೊಂಡರು. ಅದರಲ್ಲೂ ಏನೋ ಇದೆ ಎಂದು ದಾರಿಯುದ್ದಕ್ಕೂ ಅವರ ಮುಖವನ್ನೇ ನೋಡುತ್ತಿದ್ದೆ. ಮನೆಗೆ ಬಂದವರೇ ಜೋಲಿಗೆ ತಮ್ಮ ಒಗೆದ ಸೀರೆ ಕಟ್ಟಿದರು. ಬಕೆಟ್ಟಿಗೆ ಬಿಸಿನೀರು ತುಂಬಿ ನನ್ನ ಮುಂದಿಟ್ಟು, "ನಿಮ್ಮವ್ವಂದು. ನೀನೇ ಒಗಿ" ಅಂದರು.

ನೀರು ತಣ್ಣಗಾಗಿದೆ. ಸೀರೆ ಇನ್ನೂ ನನ್ನ ಮಡಿಲಲ್ಲೇ ಇದೆ.