ಒಂದೇ ಸೇತುವೆ ದಾಟಿದ ಹನ್ನೊಂದು ಜನ

ಗುರುವಾರ, ಹದಿನೇಳನೆಯ ತಾರೀಖು
ಪರೀಕ್ಷಾ ಕೇಂದ್ರದ ಊಟದ ಕೋಣೆ

ಪ್ರೀತಿಯ ಅಕ್ಕನಿಗೆ,

ನಿನ್ನ ಕರಪತ್ರದಮ್ಮನ ನಮಸ್ಕಾರ. ನಿನ್ನ ಎರಡು ಕಾಗದಗಳೂ ತಲುಪಿವೆ. ಉತ್ತರ ತಡವಾಯಿತೆಂದು ಬೈಯುತ್ತಿರುತ್ತೀಯ, ಗೊತ್ತು. ಬೈಗುಳ ಇಲ್ಲಿಯವರೆಗೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಹೋದ ಸಲ ನಾನು ನಿನ್ನನ್ನು ಇಂಗ್ಲಿಷಿನ ಜೀತದಾಳು ಎಂದೆ. ನೀನು, "ನಿನ್ನ ಕ್ರಾಂತಿಗೆ ಅಮ್ಮ ಅಡುಗೆ ಮಾಡಿ ಹಾಕ್ತಿರೋದಕ್ಕೆ ಅದು ನಡೀತಿದೆ" ಎಂದೆ. ಆ ಮಾತು ನಿಜವಾದ್ದರಿಂದ ಇನ್ನೂ ಉರಿಯುತ್ತಿದೆ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವಿದೆ, ಆದರೆ ಮೂರನೆಯ ಮಹಡಿಯ ಟೈಲರಮ್ಮನ ಜೊತೆ ಮಾತಾಡಲು ಹತ್ತುವಾಗ ಮಾತ್ರ ಇರುವುದಿಲ್ಲ.

ಈಗ ನೀನು ಕೇಳಿದ ವಿಷಯ. 'ನನ್ನ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶವನ್ನು ಯಾಕೆ ತಡೆಹಿಡಿದಿದ್ದಾರೆ, ನೀನು ಅಂಥ ಕೇಂದ್ರದಲ್ಲೇ ಕೆಲಸ ಮಾಡುತ್ತೀಯಲ್ಲ, ಒಳಗಿಂದ ವಿಚಾರಿಸು' ಎಂದು ನೀನು ಬರೆದಿದ್ದೆ. ತಿಂಗಳ ಕೊನೆಯೊಳಗೆ ಆ ಕಾಗದ ಸಿಗದಿದ್ದರೆ ಹೊರದೇಶದ ಆಸ್ಪತ್ರೆ ನಿನ್ನ ಹುದ್ದೆಯನ್ನು ಇನ್ನೊಬ್ಬ ನರ್ಸಿಗೆ ಕೊಟ್ಟುಬಿಡುತ್ತದೆ ಎಂದೂ ಬರೆದಿದ್ದೆ. ವಿಚಾರಿಸಿದೆ. ಗೊತ್ತಾಗಿದೆ. ಆದರೆ ಅದನ್ನು ಮೊದಲಿನಿಂದಲೇ ಹೇಳಬೇಕು. ಇಲ್ಲದಿದ್ದರೆ ನೀನು ಅರ್ಧಕ್ಕೇ ಕಾಗದ ಹರಿದು ಹಾಕುತ್ತೀಯ.

ನಾನು ಈ ಕೆಲಸಕ್ಕೆ ಸೇರಿದ್ದು ಯಾಕೆಂದು ನಿನಗೆ ಗೊತ್ತು. ಕರಪತ್ರ ಹಂಚುವ ನಮ್ಮ ಬಳಗದಲ್ಲಿ ಇರುವುದೇ ಮೂವರು: ಅಚ್ಚುಮನೆಯ ಕರಡು ತಿದ್ದುವವರು, ಒಬ್ಬ ಬಸ್ ಕಂಡಕ್ಟರ್, ನಾನು. "ಎರಡು ವರ್ಷಕ್ಕೆ ಭಾಷೆ ಹಳಸುತ್ತದೆಯೆ?" ಎಂಬ ನಮ್ಮ ಕರಪತ್ರವನ್ನು ಬರೆದವಳು ನಾನೇ. ಬರೆಸಿದವಳು ನೀನು. ಒಮ್ಮೆ ಪಾಸಾಗಿದ್ದ ನಿನಗೆ, ಎರಡು ವರ್ಷ ಕಳೆಯಿತು, ಆ ಅಂಕ ಸತ್ತುಹೋಯಿತು, ಮತ್ತೆ ಬರೆ ಎಂದರಲ್ಲ, ಆ ಸಿಟ್ಟು ಅದು. ಕಂಡಕ್ಟರ್ ಅಣ್ಣ ಅದನ್ನು ಓದಿ, "ಸಿಟ್ಟು ಚೆನ್ನಾಗಿದೆ. ಆದ್ರೆ ಒಳಗೆ ಏನು ನಡೀತದೆ ಅಂತ ನಮ್ಮಲ್ಲಿ ಯಾರು ನೋಡಿದ್ದಾರೆ?" ಎಂದ. ನೋಡೋಣವೆಂದು ಸೇರಿದೆ.

ಸೇರಿದ ಮೇಲೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಇದನ್ನು ಬಳಗದವರಿಗೆ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಮೊದಲು ಇದು ವಾರಕ್ಕೊಂದು ದಿನ, ಒಂದೇ ಕೋಣೆಯಲ್ಲಿ ನಡೆಯುತ್ತಿತ್ತಂತೆ. ಈಗ ಮೂರು ಕೋಣೆ, ವಾರಕ್ಕೆ ಆರು ದಿನ, ದಿನಕ್ಕೆ ಎರಡು ಪಾಳಿ. ಬಂದವರ ಜೇಬು ತೆಗೆಸಿ, ತೋಳು ಮಡಚಿಸಿ, ಬೆರಳು ಒತ್ತಿಸಿಕೊಂಡು ಒಳಗೆ ಬಿಡುವುದು ನನ್ನ ಕೆಲಸ. ನೀರಿನ ಬಾಟಲಿಯ ಮೇಲಿನ ಚೀಟಿಯನ್ನೂ ಕೀಳಬೇಕು, ಅದರ ಹಿಂದೆ ಏನಾದರೂ ಬರೆದಿರಬಹುದಂತೆ. ಹೋದ ವಾರ ಒಬ್ಬ ಗಾರೆ ಕೆಲಸದವನ ಬೆರಳನ್ನು ಯಂತ್ರ ಒಪ್ಪಲೇ ಇಲ್ಲ. ಸಿಮೆಂಟು ಅವನ ಬೆರಳ ಗೆರೆಗಳನ್ನೆಲ್ಲ ತಿಂದಿತ್ತು. "ಗೋಡೆ ಮೇಲೆ ಹುಡುಕಿ ಮೇಡಂ, ಅಲ್ಲೆಲ್ಲಾದ್ರೂ ಸಿಗ್ತದೆ" ಎಂದ. ಇಡೀ ಸಾಲು ನಕ್ಕಿತು. ಇನ್ನೊಂದು ದಿನ ಒಬ್ಬಾಕೆ ಬಂದಳು, ಹುಟ್ಟಿದಂದಿನಿಂದ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನನ್ನೂ ಆಡದವಳು. ಅವಳಿಗೂ ಪರೀಕ್ಷೆ. ಅಷ್ಟೂ ಹೊತ್ತು ಸರಿಯಾದ ಇಂಗ್ಲಿಷಿನಲ್ಲೇ ನನ್ನನ್ನು ಬೈದಳು. ಅದಕ್ಕೆ ಅಂಕ ಕೊಡುವ ಅಧಿಕಾರ ನನಗಿದ್ದಿದ್ದರೆ ಪೂರ್ತಿ ಕೊಡುತ್ತಿದ್ದೆ.

ಮಾತಿನ ಪರೀಕ್ಷೆ ನಡೆಯುವಾಗ ನೀನು ಪರೀಕ್ಷೆಯ ಕೋಣೆಯನ್ನು ನೋಡಬೇಕು. ನೀನೂ ಇದನ್ನು ಬರೆದವಳೇ, ಆದರೆ ಹೆಡ್‌ಫೋನಿನಲ್ಲಿ ಕಿವಿ ಮುಚ್ಚಿಕೊಂಡು ಕೂತವಳಿಗೆ ಇದು ಕೇಳಿಸಿರುವುದಿಲ್ಲ. ಹದಿನೆಂಟು ಗೂಡು, ಹದಿನೆಂಟು ಜನ. ಪ್ರಶ್ನೆ ಪರದೆಯ ಮೇಲೆ ಬರುತ್ತದೆ, ಎಲ್ಲರೂ ಒಮ್ಮೆಗೇ ಯಂತ್ರಕ್ಕೆ ಕಥೆ ಹೇಳಲು ಶುರುಮಾಡುತ್ತಾರೆ. ಎದುರಿಗೆ ಹೂಂಗುಟ್ಟುವ ಮುಖವೇ ಇಲ್ಲ. ಕೇಳುವವರಿಲ್ಲದೆ ಜನ ಹೇಗೆ ಮಾತಾಡಬಲ್ಲರು ಎಂದು ಯೋಚಿಸುತ್ತ ನಾನು ಸಾಲುಗಳ ನಡುವೆ ನಿಧಾನವಾಗಿ ನಡೆಯುತ್ತಿದ್ದೆ. ನಮ್ಮ ಮೇಲ್ವಿಚಾರಕಿಗೆ ನಾವೆಲ್ಲ 'ಶ್ ಮೇಡಂ' ಎನ್ನುತ್ತೇವೆ. ಅವರು, "ಏನಮ್ಮ, ತೋಟದಲ್ಲಿ ಅಡ್ಡಾಡೋ ಹಾಗೆ ಅಡ್ಡಾಡ್ತೀಯ!" ಎಂದು ರೇಗುತ್ತಿದ್ದರು.

ಹಾಗೆ ಅಡ್ಡಾಡುವಾಗಲೇ ಆ ಕಥೆ ಕಿವಿಗೆ ಬಿತ್ತು. 'ನೀವು ಒಬ್ಬರಿಗೆ ನೆರವಾದ ಸಂದರ್ಭವನ್ನು ಹೇಳಿ' ಎಂಬುದು ಪ್ರಶ್ನೆ. ಒಬ್ಬ ವೆಲ್ಡರ್ ಹೇಳುತ್ತಿದ್ದ: ನನಗಾಗ ಹನ್ನೆರಡು ವರ್ಷ, ಪುಟ್ಟ ತಂಗಿ ಮೆಟ್ಟಿಲಿಂದ ಬಿದ್ದು ತಲೆ ಒಡೆದುಕೊಂಡಳು, ಬಸ್ಸುಗಳು ನಿಂತಿದ್ದವು, ಕಿಟಕಿಯ ಹಸಿರು ಪರದೆಯನ್ನು ಕಿತ್ತು ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಸೇತುವೆ ದಾಟಿ ಆಸ್ಪತ್ರೆಗೆ ನಡೆದೆ, ಅವಳು ನಿದ್ದೆ ಹೋಗಬಾರದೆಂದು ದಾರಿಯುದ್ದಕ್ಕೂ ಏಳರ ಮಗ್ಗಿ ಹೇಳಿಸಿದೆ. ನನ್ನ ಕಣ್ಣಲ್ಲಿ ನೀರು ಬಂತು. ಮೂರು ದಿನದ ನಂತರ ಒಬ್ಬ ಬ್ಯೂಟಿಪಾರ್ಲರಿನವಳು ಅದೇ ತಂಗಿಯನ್ನು ಹೊತ್ತು ಅದೇ ಸೇತುವೆ ದಾಟಿದಳು. ಆಮೇಲೆ ಒಬ್ಬ ನಿವೃತ್ತ ಪೊಲೀಸ್. ಆಮೇಲೆ ಒಬ್ಬ ಲಿಫ್ಟ್ ಮೆಕ್ಯಾನಿಕ್, ಪಾಪ, ಗಾಬರಿಯಲ್ಲಿ ತಂಗಿಯ ಬದಲು ಅಜ್ಜಿಯನ್ನು ಬೆನ್ನಿಗೆ ಕಟ್ಟಿಕೊಂಡ. ಅಜ್ಜಿ ಕೂಡ ಏಳರ ಮಗ್ಗಿ ಹೇಳಿತು. ಮೂರು ವಾರದಲ್ಲಿ ಹನ್ನೊಂದು ಜನ, ಅಕ್ಕ! ಆ ಸೇತುವೆ ಅದು ಹೇಗೆ ತಡೆದುಕೊಂಡಿತೋ.

ನನಗೆ ನಗುವೂ ಬಂತು, ಸಿಟ್ಟೂ ಬಂತು. ಸುಳ್ಳಿನ ಕಾರ್ಖಾನೆ ಎಂದುಕೊಂಡೆ. ಜನರ ಬಾಯಿಂದ ಅವರದೇ ಬದುಕನ್ನು ಕಿತ್ತು ಅಲ್ಲಿ ಸಿದ್ಧ ಕಥೆ ತುರುಕುವವರ ವಿರುದ್ಧ ನಾಲ್ಕು ಪುಟದ ಕರಪತ್ರ ತಲೆಯಲ್ಲೇ ತಯಾರಾಯಿತು. ಕರಪತ್ರಕ್ಕಿಂತ ಮೊದಲು ಕೇಂದ್ರದ ಘಟನಾ ಪುಸ್ತಕದಲ್ಲಿ ಬರೆದೆ. ಕಥೆಯನ್ನು ಪೂರ್ತಿಯಾಗಿ ಬರೆದು, 'ಇದು ಕಂಠಪಾಠ. ಇಂಥ ಘಟನೆ ಯಾರ ಬದುಕಿನಲ್ಲೂ ನಡೆದಿರಲಾರದು' ಎಂದು ಸೇರಿಸಿ ಸಹಿ ಹಾಕಿದೆ. ಸತ್ಯದ ಪರವಾಗಿ ನಿಂತೆನೆಂಬ ಹೆಮ್ಮೆಯಲ್ಲಿ ಅಂದು ಎರಡು ನಿಲ್ದಾಣ ನಡೆದೇ ಮನೆಗೆ ಬಂದೆ.

ನಿನ್ನ ಎರಡನೆಯ ಕಾಗದದಲ್ಲಿ, 'ಉತ್ತರ ಕಂಠಪಾಠದ್ದೆಂಬ ಅನುಮಾನ ಅಂತಾರೆ, ಆದರೆ ನಾನು ಹೇಳಿದ್ದು ನನ್ನದೇ ಬದುಕಿನ ಮಾತು' ಎಂದಿದ್ದೆ. ಯಾವ ಮಾತೆಂದು ಬರೆದಿರಲಿಲ್ಲ. ನಾನು ಶ್ ಮೇಡಂ ಹತ್ತಿರ ಹೋಗಿ ಕೇಳಿದೆ. ಅವರು ಕನ್ನಡಕ ಏರಿಸಿ ತಡೆಹಿಡಿದವರ ಪಟ್ಟಿ ನೋಡಿದರು. "ಹಸಿರು ಪರದೆ, ಸೇತುವೆ, ಮಗ್ಗಿ. ನೀನೇ ಬರ್ದಿದ್ದಲ್ವಾ? ಮೇಲಿನೋರು ಅದನ್ನ ಎಲ್ಲ ಊರಿನ ಕೇಂದ್ರಕ್ಕೂ ಕಳ್ಸಿದ್ರು. ಆಮೇಲೆ ಯಾರು ಆ ಕಥೆ ಹೇಳಿದ್ರೂ ತಡೆ. ನಿಮ್ಮಕ್ಕ ಪರೀಕ್ಷೆ ಬರ್ದಿದ್ದು ಅದಾಗಿ ಹತ್ತು ದಿನಕ್ಕೆ."

ಅಕ್ಕ, ನಿನ್ನ ಫಲಿತಾಂಶವನ್ನು ತಡೆದವಳು ನಾನು.

ಈ ಸಾಲು ಬರೆದು ಎದ್ದುಹೋಗಿ ಮುಖ ತೊಳೆದು ಬಂದಿದ್ದೇನೆ. ನೀನೂ ಬೇಕಾದರೆ ಎದ್ದುಹೋಗಿ ಬಾ. ಆದರೆ ಮುಂದಿನದನ್ನು ಓದದೆ ಬಿಡಬೇಡ.

ನೀನೂ ಕಥೆ ಉರುಹೊಡೆದೆಯೆಂದೇ ಮೊದಲು ತಿಳಿದೆ. ಹೋದ ವರ್ಷ ರಜೆಯಲ್ಲಿ ನೀನು ಇಲ್ಲಿ ತರಬೇತಿಗೆ ಹೋಗಿದ್ದ ಜಾಗಕ್ಕೆ ಹೋದೆ. ಬೋರ್ಡಿನ ಮೇಲೆ ದೊಡ್ಡದಾಗಿ ಏಳೂವರೆ ಅಂಕದ ಭರವಸೆ ಬರೆಸಿರುವುದಕ್ಕೆ ಬೀದಿಯವರೆಲ್ಲ ಅವರನ್ನು ಏಳೂವರೆ ಮೇಷ್ಟ್ರು ಎನ್ನುತ್ತಾರೆ. ನಾನು ಜಗಳಕ್ಕೇ ಹೋದದ್ದು. ಅವರು ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿಟ್ಟು ಕೂರಿಸಿದರು. ವೆಲ್ಡರನಿಂದ ಹಿಡಿದು ಸೇತುವೆ ದಾಟಿದ ಹನ್ನೊಂದೂ ಜನರ ವಿಷಯ ಹೇಳಿದೆ.

"ಜನರಿಗೆ ಸುಳ್ಳು ಹೇಳೋದು ಕಲಿಸ್ತೀರಲ್ಲ, ನಾಚಿಕೆ ಆಗಲ್ವಾ?" ಎಂದೆ.

"ಆಗ್ತದಮ್ಮ, ಬೆಳಿಗ್ಗೆ ಹೊತ್ತು" ಎಂದರು. "ನೋಡು, ಅವರ ಹತ್ರ ಕಥೆ ಇಲ್ಲ ಅಂತಲ್ಲ. ಆ ವೆಲ್ಡರ್ ಇದ್ದಾನಲ್ಲ, ಅವನು ಬೆಂಕಿ ಬಿದ್ದ ಗೋದಾಮಿಂದ ಇಬ್ಬರನ್ನ ಹೊರಗೆ ಎಳೆದಿದ್ದಾನೆ. ಹೇಳು ಅಂದ್ರೆ, ಅದೇನು ಮಹಾ ಸಾರ್, ಬಾಗಿಲು ಹತ್ರಾನೇ ಇತ್ತು ಅಂತಾನೆ. ಎರಡು ನಿಮಿಷ ಇದೆ, ಹತ್ತು ಸೆಕೆಂಡಿಗೆ ಮುಗಿಸ್ತಾನೆ. ಯಂತ್ರಕ್ಕೆ ಅದು ಸಾಲಲ್ಲ."

"ಅದಕ್ಕೆ ಈ ಕಥೆ ಕಟ್ಟಿದ್ರಾ?"

"ನಾನೆಲ್ಲಿ ಕಟ್ಟಲಿ? ನನಗೆ ಅಷ್ಟು ಬುದ್ಧಿ ಇದ್ದಿದ್ರೆ ಇಲ್ಲಿ ಯಾಕಿರ್ತಿದ್ದೆ? ಒಬ್ಬಳು ನರ್ಸಮ್ಮ ಬರ್ಕೊಟ್ಟಿದ್ದು. ನನ್ನ ತರಗತಿಯಲ್ಲಿ ಹನ್ನೊಂದು ವರ್ಷದಲ್ಲಿ ಒಬ್ಬಳೇ ನಿಜ ಬರೆದಿದ್ದು. ಚೆನ್ನಾಗಿತ್ತು, ಅದಕ್ಕೆ ಎಲ್ಲರಿಗೂ ಕೊಟ್ಟೆ."

ಕಪಾಟಿನಿಂದ ಒಂದು ಹಾಳೆ ತೆಗೆದರು. ಇಂಗ್ಲಿಷಿನಲ್ಲಿತ್ತು. ಅಕ್ಷರ ನಿನ್ನದು, ಅಕ್ಕ. ಔಷಧಿ ಚೀಟಿ ಬರೆದ ಹಾಗೆ ಬಲಕ್ಕೆ ವಾಲಿದ ಅಕ್ಷರ. ಮೇಲೆ ಹೋದ ವರ್ಷದ ತಾರೀಖು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಚಿಕ್ಕಂದಿನಲ್ಲಿ ನಾನು ಮೆಟ್ಟಿಲಿಂದ ಬಿದ್ದಾಗ ಅಪ್ಪ ಎತ್ತಿಕೊಂಡು ಓಡಿದರು ಎಂದು ತಾನೇ ಇಷ್ಟು ವರ್ಷ ನೀವೆಲ್ಲ ಹೇಳಿದ್ದು? ನನಗಂತೂ ಆ ದಿನದ್ದೇನೂ ನೆನಪಿಲ್ಲ. ಅಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಅಪ್ಪ ಪಾಳಿಯಲ್ಲಿದ್ರು. ನಾನೂ ಮನೇಲಿರಲಿಲ್ಲ. ಅವಳೇ ಹೊತ್ಕೊಂಡು ಹೋಗಿದ್ದು. ನಾವು ಹೋಗೋ ಹೊತ್ತಿಗೆ ನಿನಗೆ ಹೊಲಿಗೆ ಹಾಕಿ ಆಗಿತ್ತು, ಅವಳ ಅಂಗಾಲಲ್ಲಿ ಚರ್ಮ ಇರಲಿಲ್ಲ. 'ತಂಗಿಗೆ ಹೇಳಬೇಡಮ್ಮ, ಅಪ್ಪ ಹೊತ್ಕೊಂಡು ಹೋದ್ರು ಅಂತ ಹೇಳು' ಅಂತ ನನ್ನ ಕೈ ಹಿಡ್ಕೊಂಡ್ಲು."

"ಯಾಕೆ?"

"ನನಗೇನು ಗೊತ್ತು. ಅವಳು ಚಿಕ್ಕಂದಿನಿಂದ್ಲೂ ಹಾಗೇ, ಬಾಯಿ ಬಿಡಲ್ಲ."

ಯಾರ ಬದುಕಿನಲ್ಲೂ ನಡೆದಿರಲಾರದು ಎಂದು ಸಹಿ ಹಾಕಿದವಳ ತಲೆಯ ಹಿಂದೆಯೇ ಆ ಹೊಲಿಗೆ ಇತ್ತು.

ಈಗ ಕೆಲಸದ ಮಾತು. ಮೇಲ್ಮನವಿಗೆ ಮುಂದಿನ ಶನಿವಾರ ಕೊನೆಯ ದಿನ. ನಾನು ಹೇಳಿಕೆ ಬರೆದಿದ್ದೇನೆ: ಆ ಕಥೆ ನಿಜ, ಅದು ನನ್ನ ಅಕ್ಕನದು, ಬೆನ್ನಿಗೆ ಕಟ್ಟಿದ್ದು ನನ್ನನ್ನೇ, ನನ್ನ ವರದಿಯ ಕೊನೆಯ ಸಾಲು ತಪ್ಪು. ಆಸ್ಪತ್ರೆಯ ಹಳೆಯ ಚೀಟಿ ಅಮ್ಮನ ಪೆಟ್ಟಿಗೆಯಲ್ಲಿ ಸಿಕ್ಕಿತು. ಶ್ ಮೇಡಂಗೆ ಓದಿ ಹೇಳಿದೆ. "ಪರೀಕ್ಷೆಯಲ್ಲಿ ಕೇಳಿಸಿದ್ದನ್ನ ಹೊರಗೆ ಹೇಳಲ್ಲ ಅಂತ ಸಹಿ ಹಾಕಿದ್ದೀಯ. ಇದನ್ನ ಕಳಿಸಿದ್ರೆ ಕೆಲಸ ಹೋಗ್ತದೆ" ಎಂದರು. ಆಮೇಲೆ ಪೆನ್ನು ತೆಗೆದು, "ಮೂರನೇ ಸಾಲಲ್ಲಿ ಸಿಟ್ಟು ಜಾಸ್ತಿ ಇದೆ, ತೆಗಿ. ಅವರು ಓದೋದನ್ನ ಅಲ್ಲೇ ನಿಲ್ಲಿಸಿಬಿಡ್ತಾರೆ" ಎಂದು ತಾವೇ ತಿದ್ದಿಕೊಟ್ಟರು. ಕೆಲಸ ಹೋದರೆ ಹೋಗಲಿ. ವೆಲ್ಡರನ ಗೋದಾಮನ್ನು ಹತ್ತು ಸೆಕೆಂಡೆಂದು ತಳ್ಳಿಹಾಕುವ ಯಂತ್ರದ ಬಗ್ಗೆ ಈಗ ನಿಜವಾದ ಕರಪತ್ರ ಬರೆಯಬಲ್ಲೆ. ಅವನನ್ನು ಹುಡುಕಿ ಪೂರ್ತಿ ಕೇಳಬೇಕೆಂದಿದ್ದೇನೆ. ಎಷ್ಟು ಹೊತ್ತಾದರೂ ಸರಿ.

ನೀನು ಹೋಗುವುದು ಬೇಡವೆಂದು ಎಷ್ಟು ಸಲ ಕೂಗಾಡಿದ್ದೇನೆ! ಈಗಲೂ ಆ ಪರೀಕ್ಷೆಯನ್ನು ಒಪ್ಪುವುದಿಲ್ಲ. ಆದರೆ ನೀನು ಹೋಗದಿರುವುದಕ್ಕೆ ನಾನು ಕಾರಣವಾಗಬಾರದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ವಾರ್ಡಿನವರಿಗೆಲ್ಲ ಹೇಳುವುದನ್ನು ನೀನೂ ಕೇಳಿಕೋ. ಅಮ್ಮನ ಆಶೀರ್ವಾದ ಇದರ ಜೊತೆಗಿದೆ, ನನ್ನದು ಸಣ್ಣವಳದಾದರೂ ತೆಗೆದುಕೋ. ನಿನಗೆ ಒಳ್ಳೆಯದೇ ಆಗಲಿ.

ನಿನ್ನ ತಂಗಿ,
ಕರಪತ್ರದಮ್ಮ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲಾಗಲಿಲ್ಲ. ಆ ಹಾಳೆಯನ್ನು ಮೇಷ್ಟ್ರು ನನಗೆ ಕೊಟ್ಟಿದ್ದಾರೆ. "ಅವಳ ಕಥೆ ಅವಳನ್ನ ಕೇಳದೆ ತಗೊಂಡೆ ಅಂತ ನರ್ಸಮ್ಮನಿಗೆ ಹೇಳು" ಎಂದರು. ಉಳಿದವರೆಲ್ಲ ಹೇಳುವ ಮೊದಲೇ ಕಥೆ ನಿನ್ನದಾಗಿತ್ತು ಎಂಬುದಕ್ಕೆ ಅದೊಂದೇ ಸಾಕ್ಷಿ. ಮೇಲ್ಮನವಿಯ ಜೊತೆ ಅದು ಹೋಗಲೇಬೇಕು. ಆದರೆ ಅದರ ಮೊದಲ ಸಾಲನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದಿದ್ದಾರೆ, ಪಕ್ಕದಲ್ಲಿ 'ಇದು ಬೇಡ, ಅಂಕ ಹೋಗುತ್ತದೆ' ಎಂದು ಬರೆದಿದ್ದಾರೆ. ಹೊಡೆದರೂ ಓದಲು ಬರುತ್ತದೆ. 'ಅವಳು ಬೀಳಲಿಲ್ಲ, ನಾನೇ ತಳ್ಳಿದೆ' ಎಂದು ಬರೆದಿದ್ದೀಯ. ಹಾಳೆ ಕಳಿಸಿದರೆ ಅದನ್ನು ಗುರುತಿಲ್ಲದವರು ಓದುತ್ತಾರೆ. ಕಳಿಸಬೇಕೋ ಬೇಡವೋ ನೀನೇ ಹೇಳು, ಬುಧವಾರದೊಳಗೆ ಅಮ್ಮನಿಗೆ ಫೋನು ಮಾಡಿ 'ಹೂಂ' ಅಥವಾ 'ಬೇಡ' ಅಂದರೆ ಸಾಕು. ತಳ್ಳಿದ್ದಕ್ಕೆ ನನಗೆ ಸಿಟ್ಟಿಲ್ಲ, ನಿಜವಾಗಿ ಇಲ್ಲ. ಹದಿನೆಂಟು ವರ್ಷ ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗಿ ನನಗೆ ಹೇಳದ ಮಾತನ್ನು ಬೇರೆ ಭಾಷೆಯಲ್ಲಿ, ಅಂಕ ಹಾಕುವವರಿಗೆ ಹೇಳಿದೆಯಲ್ಲ, ಅದು ನೋಯುತ್ತಿದೆ. ಹೊರಡುವ ಮೊದಲು ಒಮ್ಮೆ ಮನೆಗೆ ಬಾ, ನಮ್ಮ ಮಾತಿನಲ್ಲಿ ನನಗೆ ಹೇಳು. ಯಾಕೆ ತಳ್ಳಿದೆ ಅಂತಲೂ ಹೇಳು. ನಾನೇನೋ ಮಾಡಿರಲೇಬೇಕು, ನನ್ನ ಗುಣ ನನಗೆ ಗೊತ್ತಿಲ್ಲವೆ. ಏನು ಮಾಡಿದ್ದೆ, ಅಕ್ಕ?